ಉಪ್ಪಿನಕಾಯಿಯ ಜಗಳ ಮತ್ತು ಜೋಳದ ಮೊಳಕೆ

ಅತ್ತೆಯೊಡನೆ ನಾನು ಮಾತು ಬಿಟ್ಟಿದ್ದೆ. ಕಾರಣ ಹೇಳಲು ಈಗ ನಾಚಿಕೆ: ತವರಿನಿಂದ ಬಂದ ಉಪ್ಪಿನಕಾಯಿಗೆ ಉಪ್ಪು ಹೆಚ್ಚಾಯಿತು ಎಂದಿದ್ದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು.

ಎಂಟು ತಿಂಗಳ ಮಗಳು ಭೇದಿಯಿಂದ ಕಡ್ಡಿಯಾಗಿದ್ದಳು. ಹಾಲು ಒಗ್ಗುತ್ತಿರಲಿಲ್ಲ. ವೈದ್ಯರು ಹೇಳಿದಂತೆ ರಾಗಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ, ತೆಳ್ಳಗೆ ಅಂಬಲಿ ಕಾಸಿದರೆ ಅದು ಮಾತ್ರ ಹೊಟ್ಟೆಯಲ್ಲಿ ನಿಲ್ಲುತ್ತಿತ್ತು. ಆದರೆ ಯುದ್ಧದ ಕಾಲ; ಪುಣೆಯ ಅಂಗಡಿಗಳಲ್ಲಿ ರಾಗಿ ಮುಗಿಯಿತು. ರೇಷನ್ನಿನಲ್ಲಿ ಸಿಗುತ್ತಿದ್ದುದು ಜೋಳ.

ಜೋಳ ನಮ್ಮದೇ ಕಾಳಲ್ಲವೇ ಎಂದುಕೊಂಡೆ. ನಮ್ಮವರು ಧಾರವಾಡದ ಕಡೆಯವರಾದರೂ ನಾನು ಹುಟ್ಟಿ ಬೆಳೆದದ್ದು ಇಲ್ಲೇ, ಪುಣೆ ಪೇಟೆಯ ವಾಡೆಯ ಮನೆಯಲ್ಲಿ. ಜೋಳವೆಂದರೆ ನನಗೆ ರೊಟ್ಟಿಯ ಹಿಟ್ಟು, ಅಷ್ಟೇ. ಅತ್ತೆ ಹೊಲದ ಮನೆಯವರು. ಒಂದು ಮಾತು ಕೇಳಬಹುದಿತ್ತು. ಅವರು ಮಗುವಿಗಾಗಿ ಹರಕೆ ಹೊತ್ತು ಜೇಜುರಿಯ ದೇವರಿಗೆ ಹೊರಟಾಗ ನಾನು ಆಗಲೇ ಜೋಳ ನೆನೆಸಿದ್ದೆ. ಅವರಿಗೆ ಕಾಣದಂತೆ ತಟ್ಟೆ ಮುಚ್ಚಿದ್ದೆ.

ಐದು ದಿನದ ಮೇಲೆ, ಮಧ್ಯಾಹ್ನ, ಮಗಳಿಗೆ ಆ ಜೋಳದ ಅಂಬಲಿ ಎರಡು ಚಮಚ ಕುಡಿಸಿದ್ದೆ. ಅತ್ತೆ ಜೇಜುರಿಯಿಂದ ಬಂದು ಗಂಟನ್ನು ಮೂಲೆಗಿಟ್ಟರು. ಬೀಸದೆ ಉಳಿದ ಹಸಿರು ಮೊಳಕೆ ಮೊರದಲ್ಲಿತ್ತು. ಒಂದನ್ನು ಹಿಚುಕಿ ನೋಡಿದವರೇ ನನ್ನ ಕೈಯ ಬಟ್ಟಲು ಕಿತ್ತು ಮೋರಿಗೆ ಚೆಲ್ಲಿದರು.

"ಎಷ್ಟ ಕುಡಿಸಿದಿ?"

"ಎರಡ ಚಮಚ. ಯಾಕ್ರಿ?"

"ಜೋಳದ ಮೊಳಕಿ, ಎಳೀ ಸಸಿ ವಿಷ ಇರತದ. ನಮ್ಮ ಹೊಲದಾಗ ಅದನ್ನ ಮೇಯ್ದು ಎರಡ ಎತ್ತು ಸತ್ತಾವ."

"ಎಷ್ಟ ಹೊತ್ತಿನಾಗ?"

ಅವರು ಮುಖ ತಿರುಗಿಸಿದರು. "ಒಂದ ತಾಸು ಸೈತ ಆಗಿರಲಿಲ್ಲ."

ಮಗಳು ನಿದ್ದೆ ಹೋಗಿದ್ದಳು. ಅತ್ತೆ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಮೂಗಿನ ಬಳಿ ಬೆರಳಿಟ್ಟು ಕುಳಿತರು. ನಾನು ಪುಟ್ಟ ಎದೆ ಏರಿಳಿಯುವುದನ್ನೇ ನೋಡುತ್ತಿದ್ದೆ. ಒಂದು ಸಲ ಉಸಿರು ತಡವಾಯಿತು ಎನಿಸಿ ಬಗ್ಗಿ ಅವಳ ಎದೆಗೆ ಕಿವಿಯಿಟ್ಟೆ. ಪಕ್ಕದ ಮನೆಯ ಗಡಿಯಾರ ಮೂರು ಹೊಡೆಯಿತು. ಬಹಳ ಹೊತ್ತಿನ ಮೇಲೆ ನಾಲ್ಕು ಹೊಡೆಯಿತು.

ಆಮೇಲೆ ಮಗಳು ಕಣ್ಣು ಬಿಟ್ಟು, ತುಟಿ ಚಪ್ಪರಿಸಿ, ಜೋರಾಗಿ ಅತ್ತಳು.

"ಹಸಿದಾಳ" ಎಂದರು ಅತ್ತೆ.

ಮೂಲೆಯಲ್ಲಿದ್ದ ತಮ್ಮ ಗಂಟು ಬಿಚ್ಚಿದರು. ದೇವರ ಅರಿಸಿನಪುಡಿ ಭಂಡಾರದ ಪೊಟ್ಟಣದ ಕೆಳಗೆ ಎರಡು ಸೇರು ರಾಗಿ ಇತ್ತು.

"ಊರೂರು ಅಡ್ಡಾಡಿ ಕೇಳೀನಿ. ಅದಕ್ಕ ಐದ ದಿನ ಹಿಡೀತು. ಇವತ್ತ ಹಂಗೇ ಬೀಸು, ನಾಳೆಗೆ ನೆನೆಸೋಣ."

ಬೀಸುವ ಕಲ್ಲಿನ ಮುಂದೆ ಕುಳಿತು ಅಳುತ್ತಲೇ ಬೀಸಿದೆ. ಒಂದು ಉಪ್ಪಿನಕಾಯಿಯ ಮಾತಿಗೆ ಮಗಳನ್ನು ಕಳೆದುಕೊಳ್ಳುತ್ತಿದ್ದೆ.