ಬಾಬಾರ ರೈಫಲ್ಲಿಗೆ ನಾನು ಹಾಕಿದ ವೆಲ್ಡಿಂಗ್

ಅಬುಧಾಬಿಯ ಮುಸಫ್ಫಾದಲ್ಲಿರುವ ನಮ್ಮ ವರ್ಕ್‌ಶಾಪಿಗೆ ಬರುವುದೆಲ್ಲ ಕೊಳಕು ಕೆಲಸ. ಉಪ್ಪು ತಿಂದ ವಾಲ್ವು, ಮರಳು ಕಡಿದ ಪಂಪಿನ ಶಾಫ್ಟು, ಲಾರಿಯ ಮುರಿದ ಆಕ್ಸೆಲ್. ಹಾಗಾಗಿ ಇಪ್ಪತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಮಾಲೀಕರು ತಾವೇ ಹಸಿರು ಬಟ್ಟೆ ಸುತ್ತಿದ ಉದ್ದನೆಯ ಸಾಮಾನೊಂದನ್ನು ತಂದು ನನ್ನ ಬೆಂಚಿನ ಮೇಲೆ ಮಲಗಿಸಿದಾಗ ನಾನು ಗ್ರೀಸು ಮೆತ್ತಿದ ಕೈಯಲ್ಲೇ ಬಿಚ್ಚಲು ಹೋದೆ. ಅವರು ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು.

"ಉಸ್ತಾದ್, ಮೊದಲು ಕೈ ತೊಳಿ" ಎಂದರು.

ಕೈ ತೊಳೆದು ಬಂದು ಬಿಚ್ಚಿದರೆ ಒಳಗೆ ರೈಫಲ್. ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಈ ದೇಶದಲ್ಲಿ ಬಂದೂಕು ಮುಟ್ಟಿದ ಪರದೇಶಿಯ ಗತಿ ಏನಾಗುತ್ತದೆಂದು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರು ನಕ್ಕು, ಜೇಬಿನಿಂದ ಅನುಮತಿಯ ಕಾಗದ ತೆಗೆದು ನನಗೆ ಕಾಣುವಂತೆ ಬೆಂಚಿನ ಮೇಲಿಟ್ಟರು.

ಅವರನ್ನು ನಾವು ಕೆಲಸದವರೆಲ್ಲ ಬಾಬಾ ಎನ್ನುತ್ತಿದ್ದೆವು. ಅಬುಧಾಬಿಯವರೇ, ಕಂಪೆನಿ ಅವರದೇ. ಅವರ ಹಿಂದಿ ನನ್ನ ಹಿಂದಿಗಿಂತ ಕೆಟ್ಟದ್ದು, ನನ್ನ ಅರಬ್ಬಿ ಅವರ ಹಿಂದಿಗಿಂತ ಕೆಟ್ಟದ್ದು. ಆದರೂ ನಮಗೆ ಮಾತಿಗೆ ಎಂದೂ ಬರ ಬರಲಿಲ್ಲ. ಅವರ ವಾರಿಗೆಯವರು ಒಂಟೆ, ಗಿಡುಗ ಸಾಕುತ್ತಿದ್ದರೆ ಬಾಬಾರ ಹುಚ್ಚು ಬೇರೆ. ಔಷಧಕ್ಕೆಂದು ಇಂಗ್ಲೆಂಡಿಗೆ ಹೋದಾಗಲೆಲ್ಲ ಹಳೆ ಬಂದೂಕುಗಳ ಹರಾಜಿನಲ್ಲಿ ಹೋಗಿ ಕೂರುತ್ತಿದ್ದರು. ನೂರು ವರ್ಷ ದಾಟಿದ, ಒಂದೇ ತೋಟಾ ಹಿಡಿಯುವ ವಿಲಾಯಿತಿ ಬೇಟೆ ರೈಫಲ್ಲೇ ಆಗಬೇಕು, ಬೇರೆ ಯಾವುದೂ ಬೇಡ. ಅಂಥವು ಮೂರು ಅವರ ಬಳಿ ಇದ್ದವು. ನನ್ನ ಬೆಂಚಿಗೆ ಬಂದದ್ದು ಅವುಗಳಲ್ಲಿ ಅವರು ಹೆಚ್ಚು ಪ್ರೀತಿಸುತ್ತಿದ್ದ ರೈಫಲ್.

ಅದರ ಕೆಳಗೊಂದು ಲಿವರ್. ಅದನ್ನು ಇಳಿಸಿದರೆ ಒಳಗಿನ ಉಕ್ಕಿನ ಬ್ಲಾಕ್ ಜಾರಿ ಕೆಳಗಿಳಿದು ನಳಿಗೆಯ ಹಿಂಬದಿ ತೆರೆದುಕೊಳ್ಳುತ್ತದೆ. ಒಂದು ತೋಟಾ ಇಟ್ಟು ಲಿವರ್ ಮೇಲಕ್ಕೆಳೆದರೆ ಮುಚ್ಚುತ್ತದೆ. ಅಷ್ಟೇ. ಒಂದು ಹೊಡೆತ, ತಪ್ಪಿದರೆ ತಪ್ಪಿತು. ನಾನು ಆ ಲಿವರ್ ಇಳಿಸಿ ಏರಿಸಿ ನೋಡಿದೆ, ಮತ್ತೆ ನೋಡಿದೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಯಾರೋ ಒಬ್ಬ ಅರದಿಂದ ಉಜ್ಜಿ ಉಜ್ಜಿ ಕೂರಿಸಿದ ಬ್ಲಾಕ್ ಅದು. ಕೂದಲು ಹೋಗುವಷ್ಟೂ ಸಂದಿಲ್ಲ, ಆದರೂ ಎಲ್ಲಿಯೂ ತಡೆಯುವುದಿಲ್ಲ. ಆ ಹೊತ್ತಿಗೆ ಹತ್ತು ವರ್ಷ ಗಲ್ಫಿನಲ್ಲಿ ಕಬ್ಬಿಣದ ಜೊತೆ ಗುದ್ದಾಡಿದವನು ನಾನು. ಒಳ್ಳೆಯ ಕೆಲಸ ಎಂದರೇನೆಂದು ಅವತ್ತು ಕಂಡೆ, ಮತ್ತು ನನಗೆ ನಾಚಿಕೆಯಾಯಿತು.

ಮುರಿದದ್ದು ಎಕ್ಸ್‌ಟ್ರಾಕ್ಟರ್, ಅಂದರೆ ಸುಟ್ಟ ತೋಟಾವನ್ನು ಹೊರಗೆ ದೂಡುವ ಬೆರಳುಗುರಿನಷ್ಟು ದೊಡ್ಡ ತುಂಡು. ಅದನ್ನು ಯಾರೂ ಈಗ ಮಾಡುವುದಿಲ್ಲ, ಮಾರುವುದಿಲ್ಲ. ನಾನು ಮಾಡಿದೆ. ಮೊದಲಿನದು ಹದ ತಪ್ಪಿ ಬಿರುಕು ಬಿಟ್ಟಿತು, ಎರಡನೆಯದು ಬಾಗಿತು. ಮೂರನೆಯದು ಕೂತಿತು. ಬಾಬಾ ಲಿವರ್ ಇಳಿಸಿದಾಗ ಖಾಲಿ ತೋಟಾ ಟಣ್ಣೆಂದು ಹಾರಿ ನನ್ನ ಎದೆಗೆ ಬಡಿಯಿತು. ಅವರು ನನ್ನ ಹಣೆಗೆ ಮುತ್ತಿಟ್ಟರು. ಮಾಲೀಕರು ಅನ್ನಿಸಿಕೊಂಡವರು ನನ್ನನ್ನು ಹಾಗೆ ಪ್ರೀತಿಯಿಂದ ಮುಟ್ಟಿದ್ದು ಅದೇ ಮೊದಲು.

ಆಮೇಲೆ ರಜೆಯ ದಿನ ಅವರ ಕಾರಿನಲ್ಲಿ ನಾನೂ ಶೂಟಿಂಗ್ ಕ್ಲಬ್ಬಿಗೆ ಹೋಗುವುದು ರೂಢಿಯಾಯಿತು. ಮೊದಲು ನೋಡುವವನಾಗಿ, ನಂತರ ಕ್ಲಬ್ಬಿನವರ ಒಪ್ಪಿಗೆ ಪಡೆದು ಹೊಡೆಯುವವನಾಗಿ. ಆ ಅಳತೆಯ ತೋಟಾ ಸಿಗುವುದೇ ಕಷ್ಟ. ಬರೆದು, ಕಾದು, ಮುದ್ರೆ ಹಾಕಿಸಿ, ಎರಡು ಮೂರು ವರ್ಷಕ್ಕೊಮ್ಮೆ ಒಂದೆರಡು ಪೆಟ್ಟಿಗೆ ಬರುತ್ತಿತ್ತು. ಹೀಗಾಗಿ ಇಡೀ ಬೆಳಗಿಗೆ ಅವರದು ಮೂರು ಹೊಡೆತ, ನನ್ನದೊಂದು. ಹೊಡೆದ ಮೇಲೆ ಕೂಡಲೇ ದುರ್ಬೀನಿಗೆ ಕಣ್ಣು ಕೊಡುವಂತಿರಲಿಲ್ಲ, ಅದು ಬಾಬಾರ ಕಾನೂನು. ಮೊದಲು ಬಂದೂಕು ಇಳಿಸಬೇಕು, ಒಂದು ಗುಟುಕು ಗಹ್ವಾ, ಅಂದರೆ ಅರಬ್ಬಿ ಕಾಫಿ, ಕುಡಿಯಬೇಕು, ಗುಂಡು ಎಲ್ಲಿ ಬಿತ್ತೆಂದು ಬಾಯಿಬಿಟ್ಟು ಹೇಳಬೇಕು, ಆಮೇಲೆ ನೋಡಬೇಕು.

"ಬಿದ್ದದ್ದು ಎಲ್ಲಿ ಅಂತ ನಿನ್ನ ಕೈಗೆ ಗೊತ್ತು. ಕಣ್ಣಿಗೆ ಯಾಕೆ ಅವಸರ?" ಎನ್ನುತ್ತಿದ್ದರು.

ನಾನು ಎಡಕ್ಕೆ ಎರಡು ಬೆರಳು ಎಂದರೆ ಎಡಕ್ಕೆ ಎರಡು ಬೆರಳೇ ಇರುತ್ತಿತ್ತು. ವಾರವಿಡೀ ಯಾರ್ಯಾರದೋ ಯಲ್ಲಾ ಯಲ್ಲಾ ಎಂಬ ಅವಸರ ಕೇಳಿದ ಕಿವಿಗೆ ಆ ಒಂದು ಹೊಡೆತದ ನಂತರದ ಮೌನ ಎಷ್ಟು ಹಿತವಾಗಿತ್ತೆಂದರೆ, ಊರಿಗೆ ಹೋದ ರಜೆಯಲ್ಲಿಯೂ ನನಗೆ ಅದೇ ನೆನಪಾಗುತ್ತಿತ್ತು. ಹೆಂಡತಿಗೆ ಇದನ್ನು ಹೇಳುವ ಧೈರ್ಯ ಬರಲಿಲ್ಲ. ವರ್ಕ್‌ಶಾಪಿಗೆ ಬರುವ ಮೊದಲು ನಾನು ಹಾಕಿದ ಪೈಪುಗಳೆಲ್ಲ ಮರಳಿನಡಿ ಹೂತುಹೋಗಿವೆ, ಯಾವುದು ಎಲ್ಲಿದೆಯೆಂದು ನನಗೇ ತಿಳಿಯದು. ಈ ದೇಶದಲ್ಲಿ ನನ್ನ ಕೈಕೆಲಸ ಕಣ್ಣಿಗೆ ಕಾಣುವಂತೆ, ಜೀವದಿಂದ ಆಡುತ್ತಿದ್ದದ್ದು ಆ ರೈಫಲ್ಲಿನೊಳಗೆ ಮಾತ್ರ.

ಬಾಬಾ ಎರಡು ವರ್ಷದ ಹಿಂದೆ ತೀರಿಕೊಂಡರು. ಕಂಪೆನಿ ಅವರ ಒಬ್ಬನೇ ಮಗನ ಕೈಗೆ ಬಂತು. ಅಲ್ ರೀಮ್ ಐಲ್ಯಾಂಡಿನ ಟವರೊಂದರಲ್ಲಿ ಸಂಸಾರ, ಓದಿದ್ದು ಹೊರದೇಶದಲ್ಲಿ, ನಯವಾದ ಮಾತಿನವರು. ಅವರನ್ನು ಬೈಯಬೇಕೆಂದು ನಾನು ಎಷ್ಟೋ ಸಲ ಕೂತದ್ದುಂಟು, ಬೈಯಲು ಏನೂ ಸಿಕ್ಕಿಲ್ಲ. ಎರಡು ರೈಫಲ್ಲುಗಳನ್ನು ತಂದೆಯ ಹಳೆಯ ಸ್ನೇಹಿತರೊಬ್ಬರು ತೆಗೆದುಕೊಂಡರು. ಮೂರನೆಯದಕ್ಕೆ, ಅಂದರೆ ನಾನು ಎಕ್ಸ್‌ಟ್ರಾಕ್ಟರ್ ಮಾಡಿಕೊಟ್ಟದ್ದಕ್ಕೆ, ತೋಟಾ ಸಿಗುವುದಿಲ್ಲವೆಂದು ಅವರೂ ಬೇಡವೆಂದರು. ಮಗ ಒಂದು ದಿನ ವರ್ಕ್‌ಶಾಪಿಗೆ ಬಂದು ನನ್ನನ್ನು ಆಫೀಸಿನೊಳಗೆ ಕೂರಿಸಿದರು.

"ಉಸ್ತಾದ್, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಹೊಡೆಯೋ ಬಂದೂಕು ಇಡೋಕೆ ನನಗೆ ಭಯ. ಗೋಡೆಗೆ ಹಾಕ್ತೀನಿ. ಆದರೆ ಅದಕ್ಕೆ ನಳಿಗೆಯ ಹಿಂಬದಿ ಮುಚ್ಚಿದ ಹಾಗೆ ಬ್ಲಾಕ್ ವೆಲ್ಡ್ ಆಗಬೇಕು, ಅಧಿಕಾರಿ ನೋಡಿ ಸರ್ಟಿಫಿಕೇಟ್ ಕೊಡಬೇಕು. ಬೇರೆಯವರ ಕೈಗೆ ಕೊಡೋಕೆ ಮನಸ್ಸಿಲ್ಲ. ನೀವೇ ಮಾಡಿ."

ಕ್ಲಬ್ಬಿನಲ್ಲೇ ಇಡಬಹುದಲ್ಲ ಎಂದೆ. ಯಾರ ಹೆಸರಿನಲ್ಲಿ ಎಂದು ಕೇಳಿದರು. ನನ್ನ ವೀಸಾ ಬರುವ ವರ್ಷಕ್ಕೆ ಖಲಾಸ್, ನಾನು ಊರಿಗೆ ಹೋಗುವವನು. ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ, ಯೋಚಿಸುವ ಅಧಿಕಾರ ನನಗೇನೋ ಇದ್ದ ಹಾಗೆ.

ಆ ವಾರ ದುಬೈಯ ಅಲ್ ಕುಸೈಸಿನಲ್ಲಿರುವ ಮಗಳ ಮನೆಗೆ ಹೋದೆ. ಮೊಮ್ಮಗಳನ್ನು ನೋಡಿಕೊಳ್ಳಲು ಹೆಂಡತಿಯೂ ಅಲ್ಲೇ ಇದ್ದಾಳೆ. ಮೀನು ಸಾರು ಬಡಿಸುತ್ತಾ, ಎಂತ ಮುಖ ಹೀಗುಂಟು ಎಂದು ಕೇಳಿದಳು. ಹೇಳಿದೆ.

"ನಿಮ್ಗೆ ಎಂತ ಆಗಿದೆ ಮಾರಾಯ್ರೆ? ಅದು ನಿಮ್ಮ ಬಂದೂಕಾ?" ಎಂದಳು. "ನೀವು ಮಾಡದಿದ್ರೆ ಅವ್ರು ಇನ್ನೊಬ್ಬನ ಹತ್ರ ಮಾಡಿಸ್ತಾರೆ. ಅವ ಗ್ರೈಂಡರ್ ಹಿಡ್ಕೊಂಡು ಎಲ್ಲ ಗೀರಿ ಹಾಕ್ತಾನೆ. ನೀವಾದ್ರೆ ಚಂದ ಮಾಡ್ತೀರಲ್ಲ."

ಮಗಳು ಮೊಬೈಲಿನಿಂದ ತಲೆಯೆತ್ತದೆ, "ಇಟ್ಸ್ ಜಸ್ಟ್ ಎ ಗನ್, ಪಪ್ಪಾ" ಎಂದಳು. ನಾನು ಊಟ ಮುಗಿಸಿದೆ.

ಮುಸಫ್ಫಾಕ್ಕೆ ವಾಪಸು ಬರುವ ಬಸ್ಸಿನಲ್ಲಿ ನನಗೊಂದು ಉಪಾಯ ಹೊಳೆಯಿತು. ವೆಲ್ಡಿಂಗ್ ಎಷ್ಟು ಆಳಕ್ಕಿಳಿದಿದೆ ಎಂದು ಮೇಲಿನಿಂದ ನೋಡಿದವನಿಗೆ ತಿಳಿಯುವುದಿಲ್ಲ. ಅಂಚಿನಲ್ಲಿ ತೆಳ್ಳಗೆ ಒಂದು ಗೆರೆ ಎಳೆದರೆ ಸಾಕು, ಲಿವರ್ ಅಲ್ಲಾಡುವುದಿಲ್ಲ, ಅಧಿಕಾರಿಗೆ ಸಮಾಧಾನವಾಗುತ್ತದೆ. ಮುಂದೆ ಯಾವತ್ತಾದರೂ, ಯಾರಾದರೂ ಮನಸ್ಸಿರುವವನು ಆ ಗೆರೆಯನ್ನು ಮಿಲ್ಲಿಂಗ್ ಮೆಶಿನ್ನಿನಲ್ಲಿ ಕೆರೆದು ತೆಗೆದರೆ ಒಳಗಿನ ಬ್ಲಾಕ್ ಹಾಗೆಯೇ ಇರುತ್ತದೆ, ನನ್ನ ಎಕ್ಸ್‌ಟ್ರಾಕ್ಟರ್ ಕೂಡ. ಅದು ಮೋಸ ಎಂದು ಗೊತ್ತಿತ್ತು. ಮೂವತ್ತು ವರ್ಷ ಯಾರಿಗೂ ಮೋಸ ಮಾಡದವನು ಒಂದು ಬಂದೂಕಿನ ಜೀವ ಉಳಿಸಲು ಇಷ್ಟು ಮಾಡಬಹುದು ಎಂದುಕೊಂಡೆ. ಬಾಬಾ ತೀರಿಕೊಂಡ ಮೇಲೆ ನಾನು ಹಗುರಾದದ್ದು ಆ ಒಂದು ಬಸ್ ಪ್ರಯಾಣದಲ್ಲಿ ಮಾತ್ರ.

ಮಾಡುವ ದಿನ ಮಗ ಬಂದು ಬಾಗಿಲ ಹತ್ತಿರ ನಿಂತರು. ನಾನು ಮರದ ಹಿಡಿ ಬಿಚ್ಚಿ ಶಾಲಿನಲ್ಲಿ ಸುತ್ತಿ ದೂರ ಇಟ್ಟೆ. ಹಳೆ ಉಕ್ಕು ತಣ್ಣಗಿದ್ದರೆ ವೆಲ್ಡಿಂಗ್ ಸೀಳುತ್ತದೆಂದು ನಿಧಾನವಾಗಿ ಬಿಸಿ ಮಾಡಿದೆ. ಆ ಉಕ್ಕಿಗೆ ಹೊಂದುವ ತಂತಿಯನ್ನು ಆರಿಸಿ ಇಟ್ಟುಕೊಂಡಿದ್ದೆ. ಮುಖಕ್ಕೆ ಶೀಲ್ಡ್ ಇಳಿಸಿ ಆರ್ಕ್ ಹೊತ್ತಿಸಿದೆ.

ಮುಂದಿನದನ್ನು ಹೇಗೆ ಹೇಳಲಿ ಎಂದು ನನಗೆ ತಿಳಿಯುತ್ತಿಲ್ಲ. ನಾನು ಮೂಲತಃ ಪೈಪ್ ವೆಲ್ಡರ್. ಗ್ಯಾಸ್ ಲೈನಿನ ಒಂದೊಂದು ಜೋಡಣೆಗೂ ಎಕ್ಸ್‌ರೇ ತೆಗೆಯುತ್ತಿದ್ದರು. ಬೇರಿನವರೆಗೆ, ಅಂದರೆ ಜೋಡಣೆಯ ತಳದವರೆಗೆ, ಉಕ್ಕು ಕರಗಿ ಒಂದಾಗದಿದ್ದರೆ ಕತ್ತರಿಸಿ ಎಸೆದು ಮತ್ತೆ ಮಾಡಿಸುತ್ತಿದ್ದರು, ಎರಡು ಸಲ ತಪ್ಪಿದವನನ್ನು ಊರಿಗೆ ಕಳಿಸುತ್ತಿದ್ದರು. ಆ ಹೆದರಿಕೆಯಲ್ಲಿ ಪಳಗಿದ ಕೈ ಇದು. ಕಪ್ಪು ಗಾಜಿನ ಹಿಂದೆ ಕರಗಿದ ಉಕ್ಕಿನ ಸಣ್ಣ ಹೊಂಡ ಕಾಣಿಸಿದ್ದೇ ತಡ, ಕೈ ನನ್ನನ್ನು ಕೇಳಲಿಲ್ಲ. ಬೇರು ಹಿಡಿಯಿತು, ಸುತ್ತ ತುಂಬಿತು, ಪದರದ ಮೇಲೆ ಪದರ ಹಾಕಿತು. ಸಾಕು ಎಂದು ಒಳಗಿನಿಂದ ಒಂದು ದನಿ ಹೇಳುತ್ತಲೇ ಇತ್ತು. ನಿಲ್ಲಿಸಬಹುದಿತ್ತು. ಬೆರಳೊಂದನ್ನು ಎತ್ತಿದ್ದರೆ ಆರ್ಕ್ ಆರುತ್ತಿತ್ತು. ಶೀಲ್ಡ್ ಎತ್ತಿ ನೋಡಿದಾಗ ಬ್ಲಾಕ್ ಎಲ್ಲಿ ಮುಗಿಯಿತು, ರೈಫಲ್ ಎಲ್ಲಿ ಶುರುವಾಯಿತು ಎಂದು ಹೇಳುವಂತೆಯೇ ಇರಲಿಲ್ಲ. ಎಕ್ಸ್‌ಟ್ರಾಕ್ಟರ್ ಆ ಉಕ್ಕಿನೊಳಗೇ ಕರಗಿಹೋಗಿತ್ತು.

ಕೈಯದೇ ತಪ್ಪು ಎಂದು ಹೇಳಿ ತಪ್ಪಿಸಿಕೊಳ್ಳುವುದೂ ಸರಿಯಲ್ಲ. ಮಗ ಹಿಂದೆ ನಿಂತಿದ್ದರು, ಸರ್ಟಿಫಿಕೇಟ್ ಬರದಿದ್ದರೆ ಅವರ ಮುಂದೆ ನನ್ನ ಮಾನ ಹೋಗುತ್ತದೆ, ಉಸ್ತಾದನ ವೆಲ್ಡಿಂಗ್ ಬಿಟ್ಟಿತಂತೆ ಎಂದು ನಾಲ್ಕು ಜನ ಆಡಿಕೊಳ್ಳುತ್ತಾರೆ ಎಂಬ ಜಂಬವೂ ಒಳಗೆ ಕೂತಿತ್ತು. ಚಂದ ಮಾಡ್ತೀರಲ್ಲ ಎಂದು ಹೆಂಡತಿ ಹೇಳಿದ ಹಾಗೆಯೇ ಮಾಡಿದೆ. ಅಧಿಕಾರಿ ಬಂದು ಲಿವರನ್ನು ಎಳೆದು, ಜಗ್ಗಿ, ಟಾರ್ಚ್ ಬಿಟ್ಟು ನೋಡಿ, ಇಷ್ಟು ಒಳ್ಳೆಯ ಕೆಲಸ ತಾನು ನೋಡಿಲ್ಲ ಎಂದರು. ನಾನು ಶುಕ್ರನ್ ಎಂದು ಧನ್ಯವಾದ ಹೇಳಿದೆ. ಆ ಶುಕ್ರನ್ ಹೇಳಿದ ನಾಲಿಗೆಯ ಮೇಲೆ ನನಗೆ ಇವತ್ತಿಗೂ ಹೇಸಿಗೆ ಇದೆ.

ಕಳೆದ ತಿಂಗಳು ಮಗ ನನ್ನನ್ನು ರೀಮ್ ಐಲ್ಯಾಂಡಿನ ಮನೆಗೆ ಕರೆಸಿಕೊಂಡರು. ರೈಫಲ್ಲನ್ನು ಗೋಡೆಗೆ ಓರೆಯಾಗದಂತೆ ಕೂರಿಸಿಕೊಡಬೇಕಿತ್ತು. ಗಾಜಿನಾಚೆ ಸಮುದ್ರ, ಈಚೆ ಬಿಳಿಗೋಡೆ. ಹಿತ್ತಾಳೆಯ ಎರಡು ಕೊಕ್ಕೆ ಹಾಕಿ, ಮಟ್ಟಗೋಲು ಇಟ್ಟು ನೋಡಿ ತೂಗುಹಾಕಿದೆ. ಮಗ ಗಹ್ವಾ ತಾವೇ ಬಗ್ಗಿಸಿ ಕೊಟ್ಟರು. ರೈಫಲ್ಲಿನ ಕಡೆ ತಿರುಗಿದರು.

"ಬಾಬಾ ನನ್ನನ್ನೂ ಕ್ಲಬ್ಬಿಗೆ ಕರೀತಿದ್ದರು. ನಾನು ಒಂದು ಸಲವೂ ಹೋಗಲಿಲ್ಲ" ಎಂದರು. ಆಮೇಲೆ ದನಿ ತಗ್ಗಿಸಿ, "ಉಸ್ತಾದ್, ಅವತ್ತು ನಾನು ನಿಮಗೆ ಹೇಳೋಣ ಅಂತಲೇ ಬಾಗಿಲ ಹತ್ತಿರ ನಿಂತಿದ್ದೆ. ತೆಳ್ಳಗೆ ಹಾಕಿ ಅಂತ. ಹೇಳಲಿಲ್ಲ, ನೀವು ಹಾಗೇ ಹಾಕಿರ್ತೀರಿ ಅಂತ ಗೊತ್ತಿತ್ತು. ಮಕ್ಕಳು ದೊಡ್ಡವರಾದ ಮೇಲೆ, ಸರ್ಕಾರದ ಒಪ್ಪಿಗೆ ಪಡೆದು, ಬಿಚ್ಚಿಸಬಹುದಲ್ಲ?" ಎಂದು ಕೇಳಿದರು.

ನನ್ನ ಕೈಯಲ್ಲಿ ಗಹ್ವಾದ ಪುಟ್ಟ ಬಟ್ಟಲಿತ್ತು. ಅದನ್ನು ಕೆಳಗಿಟ್ಟೆ.

"ಮಾಫಿ" ಎಂದೆ. "ಅದು ಇನ್ನು ಬಿಚ್ಚುವುದಿಲ್ಲ."

ನಾನು ಸುಳ್ಳು ಹೇಳುತ್ತಿದ್ದೇನೋ ಏನೋ ಎಂಬಂತೆ ಅವರು ಹೋಗಿ ಲಿವರಿನ ಮೇಲೆ ಕೈಯಿಟ್ಟು ಕೆಳಕ್ಕೆ ಎಳೆದರು. ಇನ್ನೊಂದು ಸಲ, ಎರಡೂ ಕೈ ಹಾಕಿ ಎಳೆದರು. ನಾನು ಸ್ಪಾನರನ್ನೂ ಮಟ್ಟಗೋಲನ್ನೂ ಚೀಲಕ್ಕೆ ಹಾಕಿಕೊಂಡು ಲಿಫ್ಟಿನ ಕಡೆ ನಡೆದೆ.