ಅಕ್ಕನ ಟ್ರ್ಯಾಕ್ಟರಿನ ಕ್ಲಚ್ಚು, ಊರಿನವರ ಉಪಕಾರ

ಹೋದ ವಾರ ಇದೇ ಅಂಕಣದಲ್ಲಿ, ಸಿಟ್ಟು ಮಾಡಿಕೊಳ್ಳುವುದರಿಂದ ಮೂರು ಕಾಸಿನ ಪ್ರಯೋಜನವಿಲ್ಲ ಎಂದು ಉಪದೇಶ ಮಾಡಿದ್ದೆ. ಅದನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಬಿತ್ತನೆಯ ದಿನ ಹೊಲದ ನಡುವೆ ಟ್ರ್ಯಾಕ್ಟರ್ ಕೈಕೊಟ್ಟರೆ ಏನಾಗುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿತ್ತು, ಅಕ್ಕನ ಫೋನ್ ಬಂತು. ಅಕ್ಕ ಇರುವುದು ದೇವಸಮುದ್ರದ ಪಕ್ಕದ ಹಳ್ಳಿಯಲ್ಲಿ. ಬಾವ ಕುರಿಮಂದೆಯ ಹಿಂದೆ ಹೊರಟರೆ ಮನೆಗೆ ಬರುವುದು ಯಾವಾಗಲೋ. ಬೇಸಾಯ, ಆಳು, ಟ್ರ್ಯಾಕ್ಟರ್ ಎಲ್ಲ ಅಕ್ಕನದೇ.

"ಲೇ ತಮ್ಮಾ, ಗಾಡಿ ಬರೀ ಒದರ್ತೈತೆ, ಮುಂದಕ್ಕೆ ಮಾತ್ರ ಹೋಗಲ್ಲ ಅಂತೈತೆ. ಚಳ್ಳಕೆರೆಯಿಂದ ಯಾರನ್ನಾದ್ರೂ ಕರ್ಕಂಡ್ ಬಾ. ಹದ ಆರ್ತಾ ಐತೆ."

ಹದ ಎಂದರೆ ಗೊತ್ತಲ್ಲ? ಮಳೆ ಬಿದ್ದ ಮೇಲೆ ನೆಲದಲ್ಲಿ ಉಳಿಯುವ ತೇವ. ನಮ್ಮ ಕಡೆಯ ಕೆಂಪು ಮಣ್ಣಿನಲ್ಲಿ ಅದು ನೆಂಟರ ಹಾಗೆ, ಎರಡು ದಿನ ಇದ್ದು ಹೊರಟುಬಿಡುತ್ತದೆ. ಅಷ್ಟರಲ್ಲಿ ಶೇಂಗಾ ಬಿತ್ತಬೇಕು. ಅಕ್ಕ ಕಾಯಿ ಒಡೆಸಿ ಬೀಜ ಮಾಡಿ ಮೂಟೆ ಕಟ್ಟಿಟ್ಟಿದ್ದಳು. ಒಡೆದ ಬೀಜ ಮುಂದಿನ ಮಳೆಗೆ ಕಾಯುವುದಿಲ್ಲ.

ಮೆಕ್ಯಾನಿಕ್ ಓಬಳೇಶನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟೆ. ಅವನ ಗ್ಯಾರೇಜು ಚಿಕ್ಕದು, ಬಾಯಿ ದೊಡ್ಡದು. ಟ್ರ್ಯಾಕ್ಟರನ್ನು ಕಣ್ಣಿನಲ್ಲಿ ನೋಡುವ ಮೊದಲೇ, "ಡೀಸೆಲ್ ಪಂಪು ಹೋಗಿರ್ತೈತೆ ಬಿಡಣ್ಣ, ನಾ ಹೇಳ್ತೀನಿ" ಎಂದ. ದಾರಿಯುದ್ದಕ್ಕೂ ಹೇಳುತ್ತಲೇ ಇದ್ದ.

ಹೊಲದಲ್ಲಿ ಜನ ಸೇರಿದ್ದರು. ಒಬ್ಬರು ಟೈರು ಸವೆದಿದೆ ಎಂದರು. ಇನ್ನೊಬ್ಬರು ದೃಷ್ಟಿಯಾಗಿದೆ ಎಂದು ನಿಂಬೆಹಣ್ಣು ಮಂತ್ರಿಸಿ ತಂದಿದ್ದರು. (ಬ್ಯಾಟರಿ ಬದಲಾಯಿಸಿ ಎಂದವರೂ ಇದ್ದರು. ಟ್ರ್ಯಾಕ್ಟರ್ ಗುಡುಗುಡು ಎನ್ನುತ್ತಿರುವಾಗ!)

ಓಬಳೇಶ ಹತ್ತಿ ಕೂತ. ಟಾಪ್ ಗೇರ್ ಹಾಕಿದ, ಬ್ರೇಕ್ ಒತ್ತಿ ಹಿಡಿದ, ಕ್ಲಚ್ ಬಿಟ್ಟ. ಹಾಗೆ ಬಿಟ್ಟರೆ ಇಂಜಿನ್ ಜರ್ಕ್ ಹೊಡೆದು ಆಫ್ ಆಗಬೇಕು. ಆಗಲಿಲ್ಲ. ಹಾಯಾಗಿ ಓಡುತ್ತಲೇ ಇತ್ತು. ಜೊತೆಗೆ ಸುಟ್ಟ ವಾಸನೆ.

"ಕ್ಲಚ್ ಪ್ಲೇಟು ಕಣಣ್ಣ. ನಾ ಹೇಳಲಿಲ್ವಾ?"

ಹೇಳಿರಲಿಲ್ಲ. ಆದರೆ ಮೆಕ್ಯಾನಿಕ್‌ನ ಹತ್ತಿರ ವಾದ ಮಾಡಿ ಗೆದ್ದವರು ಯಾರಿದ್ದಾರೆ?

ಕ್ಲಚ್ ಪ್ಲೇಟ್ ಬದಲಾಯಿಸಬೇಕಾದರೆ ಟ್ರ್ಯಾಕ್ಟರನ್ನು ನಡುವಿನಲ್ಲಿ ಎರಡು ಭಾಗ ಮಾಡಬೇಕು. ಇಂಜಿನ್ ಒಂದು ಕಡೆ, ಗೇರ್‌ಬಾಕ್ಸ್ ಒಂದು ಕಡೆ. ಜನ ತಳ್ಳಿಕೊಂಡು ಬಂದು ಬೇವಿನ ಮರದ ಕೆಳಗೆ ನಿಲ್ಲಿಸಿದರು. ಜಾಕು, ಮರದ ದಿಮ್ಮಿ ಕೊಟ್ಟು ಬಿಚ್ಚಿದ್ದಾಯಿತು. ಪ್ಲೇಟು ನುಣ್ಣಗೆ ಸವೆದು ಒಳಗಿನ ಮೊಳೆಯಂಥ ರಿವೆಟ್ಟು ಕಾಣುತ್ತಿತ್ತು. ಬೇರಿಂಗೂ ಹೋಗಿತ್ತು. ನಾನು ಬಿಡಿಭಾಗಕ್ಕಾಗಿ ಮತ್ತೆ ಚಳ್ಳಕೆರೆಗೆ ಓಡಿದೆ.

ವಾಪಸ್ ಬಂದಾಗ ಓಬಳೇಶ ಪೆಡಲ್ ಕೆಳಗಿನ ರಾಡ್ ಹಿಡಿದುಕೊಂಡು ಕೂಗಾಡುತ್ತಿದ್ದ. ಸಿಟ್ಟು ಬಂದರೆ ಅವನಿಗೆ ತೆಲುಗು ಬರುತ್ತದೆ. "ಎವುರ್ರಾ ಚೇಸಿಂದಿ ಇದಿ? ಯಾರ್ರೀ ಇದನ್ನ ಈ ಪಾಟಿ ಟೈಟ್ ಮಾಡಿರೋರು?"

ವಿಷಯ ಇಷ್ಟೇ. ಕ್ಲಚ್ ಪೆಡಲ್ ಒತ್ತಿದಾಗ ಮೊದಲು ಎರಡು ಬೆರಳಿನಷ್ಟು ಸುಮ್ಮನೆ ಕೆಳಗೆ ಹೋಗಬೇಕು. ಆಮೇಲೆ ಬಿಗಿ ಸಿಗಬೇಕು. ಆ ಸಡಿಲ ಇಲ್ಲದಿದ್ದರೆ, ಕಾಲು ತೆಗೆದರೂ ಕ್ಲಚ್ ಅರ್ಧ ಒತ್ತಿದ ಹಾಗೇ ಇರುತ್ತದೆ. ಪ್ಲೇಟು ಜಾರಿ ಜಾರಿ ಸುಡುತ್ತದೆ. ಅಕ್ಕನ ಟ್ರ್ಯಾಕ್ಟರಿನಲ್ಲಿ ಸಡಿಲ ಎನ್ನುವುದೇ ಇರಲಿಲ್ಲ. ರಾಡಿನ ನಟ್ಟನ್ನು ಕೊನೆಯವರೆಗೂ ತಿರುಗಿಸಿದ್ದರು.

ಯಾರು? ತಪ್ಪು ಮಾಡಿದವರು ಮೆಲ್ಲಗೆ ಜಾಗ ಖಾಲಿ ಮಾಡುತ್ತಾರೆ ಎಂದುಕೊಂಡಿದ್ದೆ. ಇಲ್ಲಿ ಕೈ ಎತ್ತಿದರು!

"ನಾನೇ ಕಣಪ್ಪ, ಗೊಬ್ಬರ ಹೊಡೆಯೋಕೆ ಒಯ್ದಾಗ ನಟ್ಟಿಗೆ ಒಂದು ಸುತ್ತು ಹಾಕಿದ್ದೆ."

"ನಾನೂ ಹಾಕೀನಿ. ಲೂಸ್ ಇತ್ತು, ಪಾಪ ಅಕ್ಕನ ಗಾಡಿ ಅಂತ."

ಎಲ್ಲರ ಮುಖದಲ್ಲೂ ಬಹುಮಾನ ಬಂದವರ ಕಳೆ. ಕೇಳಿದವರಿಗೆಲ್ಲ ಅಕ್ಕ ಟ್ರ್ಯಾಕ್ಟರ್ ಕೊಡುತ್ತಾಳೆ. ಒಯ್ದವರು ಹೀಗೆ ಟೈಟ್ ಮಾಡುವುದರ ಹಿಂದೊಂದು ಪದ್ಧತಿ ಇದೆ. ನಮ್ಮ ಕಡೆ ಕಡ ತಂದ ಎತ್ತನ್ನು ಹಾಗೇ ವಾಪಸ್ ಕಟ್ಟುವುದಿಲ್ಲ. ಮೈ ತೊಳೆದು, ಹುರುಳಿ ತಿನ್ನಿಸಿ ಕಟ್ಟಬೇಕು. ಮಜ್ಜಿಗೆ ಕೊಟ್ಟ ಚೊಂಬನ್ನೂ ಖಾಲಿ ಕೊಡಬಾರದು, ತಳಕ್ಕೆ ನಾಲ್ಕು ಕಾಳಾದರೂ ಹಾಕಬೇಕು. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು. ಅದಕ್ಕೆ ಹುರುಳಿ ತಿನ್ನಿಸುವುದು ಹೇಗೆ? ತೊಳೆದು, ಸಡಿಲ ಕಂಡದ್ದನ್ನು ಟೈಟ್ ಮಾಡಿ ಕೊಟ್ಟರು. ಒಬ್ಬೊಬ್ಬರು ಒಂದೊಂದು ಸುತ್ತು, ಊರಿಗೆ ಊರೇ ಕೃತಜ್ಞತೆ ಸಲ್ಲಿಸಿತ್ತು.

ಬೈಯೋಣವೆಂದರೆ ಯಾರನ್ನು ಬೈಯುವುದು? ಕೇಡು ಮಾಡಿದವನ ಮೇಲೆ ರೇಗಬಹುದು, ಉಪಕಾರ ಮಾಡಿದವನ ಮೇಲೆ ರೇಗಿದರೆ ನಾವೇ ಕೆಟ್ಟವರು. ಮನೆಗೆ ಬಂದ ನೆಂಟರು ನಲ್ಲಿಯನ್ನು ವಾಷರ್ ಹರಿಯುವಷ್ಟು ತಿರುಗಿಸಿ ನಿಲ್ಲಿಸಿ ಹೋಗುವುದಿಲ್ಲವೇ? "ನೀರು ವೇಸ್ಟ್ ಆಗ್ತಿತ್ತು" ಎನ್ನುತ್ತಾರೆ. ಮಗು ಸುಮ್ಮನೆ ಕೂತಿದ್ದರೆ ಯಾವುದಾದರೂ ಕ್ಲಾಸಿಗೆ ಸೇರಿಸಿ ಎನ್ನುತ್ತಾರೆ. ಎಲ್ಲಾದರೂ ಎರಡು ಬೆರಳು ಸಡಿಲ ಕಂಡರೆ ನಮಗೆ ಕೈ ತುರಿಸುತ್ತದೆ.

ಕತ್ತಲಾಗುವ ಹೊತ್ತಿಗೆ ಕೆಲಸ ಮುಗಿಯಿತು. ಓಬಳೇಶ ಪೆಡಲಿನ ಸಡಿಲವನ್ನು ಅಕ್ಕನ ಕೈಯಲ್ಲೇ ಒತ್ತಿಸಿ ತೋರಿಸಿದ. ನಾನು ಅಲ್ಲೇ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಟ್ರ್ಯಾಕ್ಟರ್ ಇಲ್ಲ!

"ಪಕ್ಕದ ಮನೆ ತಿಪ್ಪೇಶ ಒಯ್ದ. ತುಂಡು ಹೊಲ, ಬೇಗ ಬರ್ತೀನಿ ಅಂದ" ಎಂದಳು ಅಕ್ಕ.

"ನಿಂದು ಬಿತ್ತೋ ಮೊದಲೇ ಕೊಟ್ಟೆಯಲ್ಲಕ್ಕಾ!"

"ಅವಂದೂ ಹದವೇ ಅಲ್ವೇನ್ಲೇ?"

ನಾನು ದಾರಿ ಕಾಯುತ್ತಾ ಜಗಲಿಯ ಮೇಲೆ ಕೂತೆ.

ತಿಪ್ಪೇಶನ ಬಿತ್ತನೆ ಬೇಗನೇ ಮುಗಿಯಿತಂತೆ. ಆದರೆ ಅವನು ಬಂದದ್ದು ಬಿಸಿಲು ನೆತ್ತಿಗೇರಿದ ಮೇಲೆ. ಬೋರ್‌ವೆಲ್ ಹತ್ತಿರ ನಿಲ್ಲಿಸಿಕೊಂಡು ಸೋಪು ಹಾಕಿ ಉಜ್ಜಿದ್ದ. ಬಾನೆಟ್ಟಿಗೆ ಕುಂಕುಮ, ಮೇಲೊಂದು ಚೆಂಡುಹೂವು. ನಾನು ಓಡಿಹೋಗಿ ಪೆಡಲ್ ಒತ್ತಿದೆ. ಕಲ್ಲು ಒತ್ತಿದ ಹಾಗಾಯಿತು.

"ಅಣ್ಣ, ರಿಪೇರಿಯವನು ಪೆಡಲ್ ಹಂಗೇ ಲೂಸ್ ಬಿಟ್ಟಿದ್ದ. ನಾನೇ ಟೈಟ್ ಮಾಡೀನಿ."

ನನ್ನ ಬಾಯಿಂದ ಬಂದ ಮಾತನ್ನು ಸಂಪಾದಕರು ಅಚ್ಚು ಹಾಕುವುದಿಲ್ಲ. ತಿಪ್ಪೇಶನ ಮುಖ ಸಣ್ಣದಾಯಿತು. "ಬರೀ ಹಂಗೇ ವಾಪಸ್ ಕೊಟ್ರೆ ಏನ್ ಚೆಂದಣ್ಣ?" ಎಂದು ಗೊಣಗಿದ.

ಅಕ್ಕ ಗಾಡಿಯ ಟೂಲ್ ಬಾಕ್ಸಿನಿಂದ ಸ್ಪ್ಯಾನರ್ ತೆಗೆದುಕೊಂಡು ಟ್ರ್ಯಾಕ್ಟರಿನ ಕೆಳಗೆ ತೂರಿ ನಟ್ಟು ಸಡಿಲಿಸಿದಳು. ಮೇಲೆದ್ದು ಎರಡು ಬೆರಳು ಅಳೆದು ನೋಡಿದಳು. ನೇರ ಬಿತ್ತನೆಗೆ ಹೊರಟಳು. ಮೇಲಿನ ಹೊಲ ಆಯಿತು. ಕೆಳಗಿನ ಹೊಲಕ್ಕೆ ಇಳಿಯುವಷ್ಟರಲ್ಲಿ ಮಣ್ಣು ಮುಷ್ಟಿಯಲ್ಲಿ ನಿಲ್ಲದೆ ಉದುರುತ್ತಿತ್ತು. ಅಕ್ಕ ಒಂದು ಹಿಡಿ ತೆಗೆದು ನೋಡಿ ಕೆಳಗೆ ಬಿಟ್ಟಳು. ಉಳಿದ ಬೀಜದ ಮೂಟೆ ನನ್ನ ಬೈಕಿನಲ್ಲೇ ಚಳ್ಳಕೆರೆಯ ಎಣ್ಣೆ ಮಿಲ್ಲಿಗೆ ಬಂತು. 

ಇಷ್ಟಾದ ಮೇಲೆ ಅಕ್ಕ ಟ್ರ್ಯಾಕ್ಟರನ್ನು ಯಾರಿಗೂ ಕೊಡುವುದಿಲ್ಲ ಎಂದುಕೊಂಡಿರಾ? ನಿನ್ನೆ ಫೋನ್ ಮಾಡಿದಾಗ ಅದು ಯಾರದೋ ಹೊಲದಲ್ಲಿತ್ತು. ಸ್ಪ್ಯಾನರ್ ಮಾತ್ರ ಬೀರುವಿನ ಕೀಲಿಗಳ ಜೊತೆ ಅಕ್ಕನ ಸೊಂಟ ಸೇರಿದೆ.

ಟ್ರ್ಯಾಕ್ಟರ್ ಬೇಕೆಂದರೆ ಈಗಲೂ ಹೋಗಿ ಕೇಳಿ, ಕೊಡುತ್ತಾಳೆ. ಸ್ಪ್ಯಾನರ್ ಕೇಳಿ ನೋಡಿ!