ಹುರುಳಿ ಹರವಿದ್ದ ರಸ್ತೆ

ಚಕ್ರದಡಿ ಒಣಗಿದ ಹುರುಳಿ ಗಿಡಗಳು ಚರಚರ ಮುರಿದ ಸದ್ದು ಇನ್ನೂ ಕಿವಿಯಲ್ಲಿದೆ. ಶಿಕಾರಿಪುರದಿಂದ ಸೊರಬಕ್ಕೆ ನಾನೇ ಡ್ರೈವ್ ಮಾಡುತ್ತಿದ್ದೆ. ವಾಹನಗಳು ತುಳಿದು ಕಾಳು ಬಿಡಲೆಂದು ತೊಗರ್ಸಿಯ ಹತ್ತಿರ ರಸ್ತೆಯ ಮೇಲೇ ಹುರುಳಿ ಹರವಿದ್ದರು. ಬ್ರೇಕ್ ಹಾಕಿದೆ. ಕಾರು ಜಾರಿ, ಅಲ್ಲಿ ಹುರುಳಿ ತಿರುವಿಹಾಕುತ್ತಿದ್ದ ಹೆಂಗಸಿಗೆ ತಾಗಿತು. ಆಕೆ ಬಿದ್ದಳು, ತಲೆ ಡಾಂಬರಿಗೆ ಬಡಿಯಿತು.

“ನಿಲ್ಲಿಸ್ಬೇಡ, ನಡಿ! ಜನ ಸೇರಿದ್ರೆ ಹೊಡೀತಾರೆ,” ಎಂದರು ಪಕ್ಕದಲ್ಲಿದ್ದ ನನ್ನ ಯಜಮಾನರು. ಎಂಜಿನ್ ಆಫ್ ಮಾಡಿ ಇಳಿದೆ.

ಆಕೆ ಎದ್ದು ಕೂತು ಸೆರಗು ಕೊಡವಿದಳು. “ಏನೂ ಆಗಿಲ್ರೀ ಅಮ್ಮಾರೆ, ಹೋಗ್ರಿ. ಪೊಲೀಸ್ರು ಬಂದ್ರೆ ರಸ್ತಿಗ್ಯಾಕೆ ಹಾಕಿದ್ರಿ ಅಂತ ನಮ್ಗೇ ಬೈತಾರೆ.”

“ಬೈಲಿ ಬಿಡು, ಇಬ್ರೂ ಬೈಸ್ಕೊಳ್ಳೋಣ. ತಲೆ ಪೆಟ್ಟು ಹೊರಗೆ ಕಾಣಲ್ಲ,” ಎಂದೆ.

ಆಂಬುಲೆನ್ಸಿಗೂ ಪೊಲೀಸರಿಗೂ ಫೋನ್ ಮಾಡಿ, ಓಡಿಸಿದವಳು ನಾನೇ ಎಂದೂ ಹೇಳಿದೆ. “ಕಾನ್ವೆಂಟ್ ಬುದ್ಧಿ!” ಎಂದು ಯಜಮಾನರು ಗೊಣಗಿದರು. ಹೌದು, ತಪ್ಪಾದರೆ ಓನ್ ಅಪ್ ಮಾಡಬೇಕು, ನಾನೇ ಮಾಡಿದ್ದು ಅಂತ ಒಪ್ಪಿಕೊಳ್ಳಬೇಕು ಎಂದು ನಮ್ಮ ಸಿಸ್ಟರ್‌ಗಳು ಬೆತ್ತ ಹಿಡಿದೇ ಕಲಿಸಿದ್ದರು.

ಆಂಬುಲೆನ್ಸ್ ಬರುವಷ್ಟರಲ್ಲಿ ಆಕೆ ಎರಡು ಸಲ ವಾಂತಿ ಮಾಡಿಕೊಂಡಳು. ತಲೆಯೊಳಗೆ ರಕ್ತ ಒಸರುತ್ತಿತ್ತಂತೆ, ಆಪರೇಷನ್ ಆಯಿತು.

ಆಕೆಯನ್ನು ಕೊನೆಯ ಸಲ ಕಂಡದ್ದು ಆಸ್ಪತ್ರೆಯ ಗೇಟಿನಲ್ಲಿ. ಬೋಳುತಲೆಗೆ ಸೆರಗು ಹೊದ್ದು, ಕೂದಲು ತೆಗೆದ ನರ್ಸಮ್ಮನನ್ನು ಬೈಯುತ್ತ, ಯಾರ ಕೈಯನ್ನೂ ಹಿಡಿಯದೆ ಆಟೋ ಹತ್ತಿದಳು.